ನೆಲದಡಿಯ ದಾರಿ: ಲಂಡನ್ನಿಗೆ ಹೋಗುವ ಹೊಸಬನಿಗೊಂದು ಪಾಠ

ಉನ್ನತ ವ್ಯಾಸಂಗಕ್ಕೆಂದು ಪರದೇಶಕ್ಕೆ ಹೊರಟ ವಿದ್ಯಾರ್ಥಿಗೆ ಊರಿನಲ್ಲಿ ಬುದ್ಧಿಮಾತಿಗೆ ಬರವಿಲ್ಲ. ಚಳಿಗೆ ಉಣ್ಣೆಯ ಬಟ್ಟೆ ಬೇಕೆಂದು ಒಬ್ಬರು, ಉಪ್ಪಿನಕಾಯಿ ಒಯ್ಯಬೇಕೆಂದು ಮತ್ತೊಬ್ಬರು ಹೇಳುತ್ತಾರೆ. ಆದರೆ ವಿಮಾನದಿಂದ ಇಳಿದ ಕೆಲಹೊತ್ತಿನಲ್ಲೇ ಎದುರಾಗುವ ಮೊದಲನೆಯ ಪರೀಕ್ಷೆಯ ವಿಷಯವನ್ನು ಯಾರೂ ಹೇಳುವುದಿಲ್ಲ. ನೆಲದಡಿಯ ರೈಲಿನ ಬಾಗಿಲೇ ಆ ಪರೀಕ್ಷೆ. ಎಣಿಸಿದ ಹಣವನ್ನು ಕೈಯಲ್ಲಿಟ್ಟುಕೊಂಡು ಹೋಗುವ ನಮ್ಮಂಥವರಿಗೆ ಅಲ್ಲಿನ ಸಣ್ಣ ತಪ್ಪೂ ಭಾರವೇ. ಆದ್ದರಿಂದ ಲಂಡನ್ ನಗರದ ಉದಾಹರಣೆಯನ್ನು ತೆಗೆದುಕೊಂಡು ಈ ವಿಷಯವನ್ನು ಸ್ವಲ್ಪ ವಿಚಾರಿಸೋಣ.

ಜಗತ್ತಿನ ಮೊಟ್ಟಮೊದಲನೆಯ ನೆಲದಡಿಯ ರೈಲು ಲಂಡನ್ನಿನದು. 1863ರ ಜನವರಿ 10ರಂದು ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್‌ವರೆಗೆ ಅದು ಸಾರ್ವಜನಿಕರಿಗೆ ತೆರೆಯಿತು. ಆಗ ಗಾಡಿಯನ್ನು ಎಳೆಯುತ್ತಿದ್ದುದು ಉಗಿಯಂತ್ರ. ಸುರಂಗದಲ್ಲಿ ಹೊಗೆ ತುಂಬಿರುತ್ತಿತ್ತು. 1890ರಲ್ಲಿ ಆಳವಾದ ಸುರಂಗದಲ್ಲಿ ವಿದ್ಯುತ್ತಿನಿಂದ ಓಡುವ ಗಾಡಿ ಬಂದಿತು. ಕೊಳವೆಯ ಆಕಾರದ ಸುರಂಗಗಳಿಂದಾಗಿ ಜನ ಅದನ್ನು 'ಟ್ಯೂಬ್' ಎಂದು ಕರೆದರು. ಇಂದು ಅದಕ್ಕೆ 11 ಮಾರ್ಗಗಳೂ 272 ನಿಲ್ದಾಣಗಳೂ ಇವೆ. ವಿಚಿತ್ರವೆಂದರೆ, ಈ 'ನೆಲದಡಿಯ' ರೈಲಿನ ಹಾದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೆಲದ ಮೇಲೆಯೇ ಇದೆ. ಗಾಡಿ ಇದ್ದಕ್ಕಿದ್ದಂತೆ ಬಿಸಿಲಿಗೆ ಬಂದರೆ ಹೊಸಬನು ಗಾಬರಿಯಾಗಬೇಕಾದುದಿಲ್ಲ.

ಇನ್ನು ಕಾರ್ಡಿನ ವಿಷಯ. ನಮ್ಮ ಬಸ್ಸಿನಲ್ಲಿ ಕಂಡಕ್ಟರು "ಎಲ್ಲಿಗೆ?" ಎಂದು ಕೇಳಿ, ಹಣ ಪಡೆದು, ಚೀಟಿ ಹರಿದು ಕೊಡುತ್ತಾನೆ. ಟ್ಯೂಬಿನಲ್ಲಿ ಕಾರ್ಡು ಹಿಡಿದು ಹೋಗುವವನನ್ನು ಯಾರೂ ಹೀಗೆ ಕೇಳುವುದಿಲ್ಲ. ಹತ್ತುವ ನಿಲ್ದಾಣದ ಹಳದಿ ಬಿಲ್ಲೆಗೆ ಕಾರ್ಡನ್ನು ಮುಟ್ಟಿಸಿದಾಗ ಯಂತ್ರಕ್ಕೆ ತಿಳಿಯುವುದು ನಾವು ಎಲ್ಲಿಂದ ಹೊರಟೆವೆಂಬುದು ಮಾತ್ರ. ಎಲ್ಲಿಗೆ ಹೋದೆವೆಂಬುದು ಅದಕ್ಕೆ ತಿಳಿಯುವುದು ಇಳಿದ ನಿಲ್ದಾಣದಲ್ಲಿ ಮತ್ತೆ ಮುಟ್ಟಿಸಿದಾಗ. ಕಂಡಕ್ಟರಿನ ಒಂದು ಪ್ರಶ್ನೆಯನ್ನು ಹೀಗೆ ಎರಡು ಬಾಗಿಲುಗಳು ಹಂಚಿಕೊಂಡಿವೆ. ನಗರವನ್ನು ವಲಯಗಳಾಗಿ ವಿಭಾಗಿಸಿ, ದಾಟಿದ ವಲಯಗಳಿಗೆ ತಕ್ಕಂತೆ ದರ ಕಟ್ಟುತ್ತಾರೆ. ಹೊರಗೆ ಹೋಗುವಾಗ ಮುಟ್ಟಿಸಲು ಮರೆತವನ ಪ್ರಯಾಣ ಮುಗಿದೇ ಇಲ್ಲವೆಂದು ಯಂತ್ರ ತಿಳಿದು, ಗರಿಷ್ಠ ದರವನ್ನು ಹಿಡಿದುಕೊಳ್ಳುತ್ತದೆ. ಕೆಲವು ನಿಲ್ದಾಣಗಳಲ್ಲಿ ಬಾಗಿಲೇ ಇರುವುದಿಲ್ಲ. ಕಂಬದ ಮೇಲೆ ಬಿಲ್ಲೆಯೊಂದೇ ಇರುತ್ತದೆ. ಮರೆವು ಹೆಚ್ಚಾಗಿ ಆಗುವುದು ಅಲ್ಲಿಯೇ.

ಈ ತತ್ತ್ವವನ್ನು ಅರಿತರೆ ಉಳಿದ ನಿಯಮಗಳು ತಾವಾಗಿಯೇ ತಿಳಿಯುತ್ತವೆ. ಒಳಗೆ ಬಂದ ಕಾರ್ಡೇ ಹೊರಗೂ ಹೋಗಬೇಕು. ಬ್ಯಾಂಕಿನ ಕಾರ್ಡು ಒಂದೇ ಆದರೂ, ಹತ್ತುವಾಗ ಕಾರ್ಡನ್ನೂ ಇಳಿಯುವಾಗ ಅದೇ ಕಾರ್ಡು ಅಡಗಿರುವ ಫೋನನ್ನೂ ಮುಟ್ಟಿಸಿದರೆ ಯಂತ್ರದ ಕಣ್ಣಿಗೆ ಅವರು ಇಬ್ಬರು ಪ್ರಯಾಣಿಕರು. ಇಬ್ಬರದೂ ಅರ್ಧ ಪ್ರಯಾಣ. ಗೆಳೆಯರಿಬ್ಬರು ಒಂದೇ ಕಾರ್ಡಿನಲ್ಲಿ ಒಟ್ಟಿಗೆ ಹೋಗುವಂತಿಲ್ಲ. ತಲೆಗೊಂದು ಕಾರ್ಡು ಬೇಕು.

ಯಾವ ಕಾರ್ಡನ್ನು ಕೊಳ್ಳಬೇಕು? 2003ರಲ್ಲಿ ಬಂದ 'ಆಯ್ಸ್ಟರ್' ಕಾರ್ಡಿಗೆ ಮೊದಲು ಹಣ ತುಂಬಿಸಿ, ಆಮೇಲೆ ಬಳಸಬೇಕು. ಕಾರ್ಡಿಗೇ ಬೇರೆ ಬೆಲೆಯುಂಟು. ಅದು ಮರಳಿ ಬಾರದು. 2014ರಿಂದ ಮುಟ್ಟಿಸಿ ಹಣ ಕೊಡುವ ಬ್ಯಾಂಕಿನ ಕಾರ್ಡುಗಳೂ ಟ್ಯೂಬಿನಲ್ಲಿ ನಡೆಯುತ್ತವೆ. ನಾಲ್ಕು ದಿನಕ್ಕೆ ಹೋದವನಿಗೆ ಇದು ಸುಲಭವೇ. ಆದರೆ ನಮ್ಮ ದೇಶದ ಬ್ಯಾಂಕು ಪರದೇಶದ ವ್ಯವಹಾರಕ್ಕೆ ಶುಲ್ಕ ಹಾಕುವುದುಂಟೋ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಬೇಕು. ಎರಡರಲ್ಲಿಯೂ ದಿನದ ಖರ್ಚಿಗೆ ಒಂದು ಮಿತಿಯಿದೆ. ಅದನ್ನು ಮುಟ್ಟಿದ ಮೇಲೆ ಆ ವಲಯಗಳೊಳಗೆ ಎಷ್ಟು ಸುತ್ತಿದರೂ ಹೆಚ್ಚು ಹಣವಿಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ 6-30ರಿಂದ 9-30, ಸಂಜೆ 4ರಿಂದ 7 ದಟ್ಟಣೆಯ ವೇಳೆ. ಆಗ ದರ ಸಾಮಾನ್ಯವಾಗಿ ಹೆಚ್ಚು. ಅಲ್ಲಿಯೇ ನಿಂತು ಓದುವ ವಿದ್ಯಾರ್ಥಿಗಳಿಗೆ ಭಾವಚಿತ್ರವುಳ್ಳ ಆಯ್ಸ್ಟರ್ ಕಾರ್ಡು ದೊರೆಯುತ್ತದೆ. ಅದರ ಮೂಲಕ ವಾರದ, ತಿಂಗಳ ಪಾಸುಗಳ ಮೇಲೆ ನೂರಕ್ಕೆ ಮೂವತ್ತರಷ್ಟು ರಿಯಾಯಿತಿಯಿದೆ. ತಮ್ಮ ವಿದ್ಯಾಸಂಸ್ಥೆಯಲ್ಲಿ ಇದನ್ನು ಕೇಳಿ ಪಡೆಯುವುದು ಜಾಣತನ.

ಕಾರ್ಡಾಯಿತು, ಈಗ ದಾರಿ. ಪ್ರತಿ ನಿಲ್ದಾಣದಲ್ಲಿಯೂ ಬಣ್ಣಬಣ್ಣದ ಗೆರೆಗಳ ನಕ್ಷೆ ತೂಗುತ್ತದೆ. 1931ರಲ್ಲಿ ಹ್ಯಾರಿ ಬೆಕ್ ಎಂಬ ನಕ್ಷೆಗಾರನು ಬರೆದು, 1933ರಲ್ಲಿ ಅಚ್ಚಾಗಿ ಹೊರಬಂದ ನಕ್ಷೆಯೇ ಇದಕ್ಕೆ ಮೂಲ. ಸುರಂಗದಲ್ಲಿ ಇರುವವನಿಗೆ ಮೇಲಿನ ಬೀದಿಗಳ ತಿರುವುಗಳಿಂದ ಪ್ರಯೋಜನವಿಲ್ಲ. ಯಾವ ನಿಲ್ದಾಣದ ಮುಂದೆ ಯಾವುದು, ಎಲ್ಲಿ ಮಾರ್ಗ ಬದಲಿಸಬೇಕು ಎಂಬುದಷ್ಟೇ ಬೇಕು. ಇದನ್ನು ಅರಿತ ಬೆಕ್ ಗೆರೆಗಳನ್ನು ನೇರ ಮಾಡಿ, ನಿಲ್ದಾಣಗಳ ಅಂತರವನ್ನು ಹೆಚ್ಚುಕಡಿಮೆ ಸಮ ಮಾಡಿದನು. ಆದಕಾರಣ ಈ ನಕ್ಷೆಯಲ್ಲಿ ಸಂಬಂಧ ಸತ್ಯ, ದೂರ ಸತ್ಯವಲ್ಲ. ಲೆಸ್ಟರ್ ಸ್ಕ್ವೇರಿಗೂ ಕಾವೆಂಟ್ ಗಾರ್ಡನ್ನಿಗೂ ನಡುವೆ ಇರುವುದು ಸುಮಾರು 260 ಮೀಟರು ಮಾತ್ರ. ಇದನ್ನರಿಯದ ಹೊಸಬನು ನಾಲ್ಕು ಹೆಜ್ಜೆಯ ದಾರಿಗೆ ಟಿಕೇಟಿನ ಹಣ ತೆರುತ್ತಾನೆ.

ಒಂದು ಪ್ರಯಾಣವನ್ನೇ ಮಾಡಿ ನೋಡೋಣ. ಥೇಮ್ಸ್ ನದಿಯ ದಡದಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಮೇಲೆ, ನಮ್ಮ ಬಸವೇಶ್ವರರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಅದನ್ನು ಅನಾವರಣ ಮಾಡಿದರು. ಬ್ರಿಟಿಷ್ ಮ್ಯೂಸಿಯಮ್ಮಿನ ಸಮೀಪದ ರಸೆಲ್ ಸ್ಕ್ವೇರ್ ನಿಲ್ದಾಣದಿಂದ ಅಲ್ಲಿಗೆ ಹೋಗಬೇಕೆನ್ನಿ. ನಕ್ಷೆಯಲ್ಲಿ ಕಡುನೀಲಿ ಬಣ್ಣದ ಪಿಕಡಿಲಿ ಮಾರ್ಗದಲ್ಲಿ ಪಶ್ಚಿಮಕ್ಕೆ ಹೋಗುವ ಗಾಡಿ ಹತ್ತಿ, ಗ್ರೀನ್ ಪಾರ್ಕಿನಲ್ಲಿ ಇಳಿಯಬೇಕು. ಅಲ್ಲಿ ಹೊರಗೆ ಹೋಗದೆ, ಕಾರ್ಡು ಮುಟ್ಟಿಸದೆ, ಫಲಕಗಳನ್ನು ಅನುಸರಿಸಿ ತಿಳಿನೀಲಿಯ ವಿಕ್ಟೋರಿಯಾ ಮಾರ್ಗಕ್ಕೆ ನಡೆಯಬೇಕು. ದಕ್ಷಿಣಕ್ಕೆ, ಬ್ರಿಕ್ಸ್‌ಟನ್ನಿನ ಕಡೆಗೆ ಹೋಗುವ ಗಾಡಿ ಹಿಡಿದರೆ ವಿಕ್ಟೋರಿಯಾ, ಪಿಮ್ಲಿಕೊ, ಆಮೇಲೆ ವಾಕ್ಸ್‌ಹಾಲ್. ಅಲ್ಲಿ ಕಾರ್ಡು ಮುಟ್ಟಿಸಿ ಹೊರಬಂದು ನದಿಯ ದಡ ಹಿಡಿದು ನಡೆದರಾಯಿತು. ಇಲ್ಲಿ ನೆನಪಿಡಬೇಕಾದುದು ಮೂರೇ: ಮಾರ್ಗದ ಹೆಸರು, ಗಾಡಿಯ ದಿಕ್ಕು, ಬದಲಿಸುವ ನಿಲ್ದಾಣ. ಕವಲೊಡೆಯುವ ಮಾರ್ಗಗಳಲ್ಲಿ ಮಾತ್ರ ಗಾಡಿಯ ಮುಖದ ಮೇಲಿರುವ ಕೊನೆಯ ನಿಲ್ದಾಣದ ಹೆಸರನ್ನೂ ಓದಿಕೊಳ್ಳಬೇಕು.

ದಿಕ್ಕು ತಪ್ಪಿದರೆ? ಮುಂದಿನ ನಿಲ್ದಾಣದಲ್ಲಿ ಇಳಿದು, ಎದುರು ದಿಕ್ಕಿನ ಗಾಡಿ ಹತ್ತಿದರಾಯಿತು. ಬಾಗಿಲು ದಾಟದಿದ್ದರೆ, ಗಂಟೆಗಟ್ಟಲೆ ಅಲ್ಲಿಯೇ ಅಲೆಯದಿದ್ದರೆ, ಈ ತಪ್ಪಿಗೆ ಹೆಚ್ಚಿನ ಹಣವಿಲ್ಲ. ಹೊಸಬನು ಹೆದರುವುದು ಸುರಂಗದಲ್ಲಿ ದಾರಿ ತಪ್ಪುವುದಕ್ಕೆ; ಅದರಿಂದ ಹೋಗುವುದು ಐದು ನಿಮಿಷ ಮಾತ್ರ. ಅವನು ಅಲಕ್ಷ್ಯ ಮಾಡುವುದು ಬಾಗಿಲನ್ನು. ಹಣ ಹೋಗುವುದು ಅಲ್ಲಿ. ಅವಸರದಲ್ಲಿ ಜನರೊಡನೆ ನುಗ್ಗಿ ಹೊರಬಂದವನೂ ತಪ್ಪನ್ನು ವಿವರಿಸಿ ಹಣ ಹಿಂದಕ್ಕೆ ಕೇಳಬಹುದು. ಆದರೆ ಕೇಳುವ ಧೈರ್ಯ ಬೇಕು.

ನಮ್ಮಲ್ಲಿ ಅನೇಕರಿಗೆ ಇರುವ ಕೊರತೆ ಈ ಧೈರ್ಯವೇ. ಇಂಗ್ಲಿಷು ತಡವರಿಸೀತು, ಹಳ್ಳಿಯವನೆಂದು ನಕ್ಕಾರು ಎಂಬ ಸಂಕೋಚ. ಆದರೆ ಆ ಬಾಗಿಲಿಗೆ ಊರು ಕೇರಿ ತಿಳಿಯದು. ಅದರ ಮುಂದೆ ಬ್ಯಾಂಕಿನ ಅಧಿಕಾರಿಯೂ ಕಸಗುಡಿಸುವವನೂ ಕಾರ್ಡು ಮುಟ್ಟಿಸಿಯೇ ಹೋಗಬೇಕು. ಅದರ ಪಕ್ಕದಲ್ಲಿ ನಿಂತ ನೌಕರನ ಕೆಲಸವೇ ಕೇಳಿದವರಿಗೆ ದಾರಿ ಹೇಳುವುದು. ಚಲಿಸುವ ಮೆಟ್ಟಿಲಿನ ಬಲಗಡೆ ನಿಂತು ಅವಸರದವರಿಗೆ ಎಡಗಡೆ ಬಿಡಬೇಕು. ಇಳಿಯುವವರು ಇಳಿದ ಮೇಲೆ ಹತ್ತಬೇಕು. ಇಷ್ಟು ಮರ್ಯಾದೆಯನ್ನು ಪಾಲಿಸುವವನು ಆ ಊರಿಗೆ ಹೊಸಬನಾದರೂ ಹೊರಗಿನವನಲ್ಲ.

ಮುಂದೆ ನಮ್ಮ ಕಾಲೇಜಿನವರಾರಾದರೂ ವಾಕ್ಸ್‌ಹಾಲಿನಲ್ಲಿ ಇಳಿದು ಬಸವಣ್ಣನವರ ಮುಂದೆ ನಿಲ್ಲುವ ದಿನ ಬಂದರೆ, ಹೊರಬರುವಾಗ ಕಾರ್ಡು ಮುಟ್ಟಿಸಲು ಮರೆಯದಿರಲಿ.