ತೊಡೆಸಂದಿನ ಹರ್ನಿಯಾ: ಸದಸ್ಯರ ತಿಳಿವಳಿಕೆಗಾಗಿ



ಮಾಜಾಳಿಯಿಂದ ಬೇಲೆಕೇರಿಯವರೆಗೆ ಬಲೆ ಎಳೆಯುವ, ಮೂಟೆ ಹೊರುವ ಪುರುಷರು ತೊಡೆಸಂದಿನ ಉಬ್ಬನ್ನು ಸಂಕೋಚದಿಂದ ಮುಚ್ಚಿಡುವುದುಂಟು. ಹೊಟ್ಟೆಯ ಭಿತ್ತಿಯ ದುರ್ಬಲ ಸ್ಥಳದಿಂದ ಕರುಳು ಅಥವಾ ಕೊಬ್ಬು ಹೊರಚಾಚುವುದೇ ಹರ್ನಿಯಾ. ಇದರಲ್ಲಿ ಮೂರು ಬಗೆಗಳಿವೆ.

1. ಪರೋಕ್ಷ: ಜನನಪೂರ್ವದಲ್ಲಿ ವೃಷಣ ಇಳಿದ ದಾರಿಯಲ್ಲಿ ಬರುತ್ತದೆ, ವೃಷಣಚೀಲಕ್ಕೂ ಇಳಿಯಬಹುದು. ಹೆಚ್ಚಾಗಿ ಕಾಣುವುದು ಇದೇ, ಮಕ್ಕಳಲ್ಲಿಯೂ ಉಂಟು.
2. ನೇರ: ವಯಸ್ಸಾದಂತೆ ಸ್ನಾಯು ಸಡಿಲಗೊಂಡು ಬರುತ್ತದೆ, ದೀರ್ಘಕಾಲದ ಕೆಮ್ಮು, ಭಾರ ಎತ್ತುವುದು ಇದನ್ನು ಹೆಚ್ಚಿಸಬಹುದು.
3. ತೊಡೆಯ ಹರ್ನಿಯಾ: ತೊಡೆಸಂದಿನ ಗೆರೆಗಿಂತ ಕೆಳಗಿರುತ್ತದೆ. ಪುರುಷರಲ್ಲಿ ವಿರಳ, ಆದರೆ ಕರುಳು ಸಿಲುಕುವ ಅಪಾಯ ಅಧಿಕ.

ಮಲಗಿದಾಗ ಒಳಸರಿಯುತ್ತಿದ್ದ ಉಬ್ಬು ಗಟ್ಟಿಯಾಗಿ ನಿಂತು ನೋವು, ವಾಂತಿ ಕಾಣಿಸಿದರೆ, ಕರುಳಿನ ರಕ್ತಸಂಚಾರ ನಿಲ್ಲುತ್ತಿರಬಹುದು. ಒತ್ತಬಾರದು, ತಿಕ್ಕಬಾರದು, ಕೂಡಲೇ 108ಕ್ಕೆ ಕರೆಮಾಡಿ ಅಂಕೋಲಾ ತಾಲೂಕು ಆಸ್ಪತ್ರೆಗೆ ಅಥವಾ ಕಾರವಾರದ ಕ್ರಿಮ್ಸ್ ಆಸ್ಪತ್ರೆಗೆ ಕಳುಹಿಸಬೇಕು. ಪಟ್ಟಿ ಕಟ್ಟುವುದರಿಂದ ಹರ್ನಿಯಾ ವಾಸಿಯಾಗದು, ಶಸ್ತ್ರಚಿಕಿತ್ಸೆಯೇ ಪರಿಹಾರ. ಈ ವಿಷಯವನ್ನು ಗ್ರಾಮಸಭೆಯಲ್ಲಿ ಸಂಕೋಚವಿಲ್ಲದೆ ತಿಳಿಸಲು ಕೋರಿದೆ.