ಅಸಿಟೈಲ್ ಕ್ಲೋರೈಡು: ರಸಾಯನದಲ್ಲೊಂದು ಆದೇಶ

‘ಮಳೆ’ ಎಂಬುದರ ಮುಂದೆ ‘ಕಾಲ’ ಎಂಬುದು ಬಂದಾಗ ಕಕಾರವು ಹೋಗಿ ಗಕಾರವು ಬರುತ್ತದೆ, ‘ಮಳೆಗಾಲ’ವೆಂದಾಗುತ್ತದೆ. ಒಂದು ಅಕ್ಷರದ ಸ್ಥಾನದಲ್ಲಿ ಮತ್ತೊಂದು ಬಂದು ನಿಲ್ಲುವ ಈ ಕಾರ್ಯವನ್ನು ವೈಯಾಕರಣರು ಆದೇಶವೆಂದರು. ಕನ್ನಡ ಪಂಡಿತನಾದ ನಾನು ರಸಾಯನಶಾಸ್ತ್ರದ ದ್ರವ್ಯವೊಂದನ್ನು ಕುರಿತು ಬರೆಯಲು ಧೈರ್ಯಮಾಡಿದುದು ಈ ಸಾದೃಶ್ಯದ ಬಲದಿಂದಲೇ.

ವಿನೆಗರಿನ ಹುಳಿಗೆ ಕಾರಣವಾದುದು ಅಸಿಟಿಕ್ ಆಮ್ಲ. ಅದರ ಅಣುವಿನ ತುದಿಯಲ್ಲಿ ಆಮ್ಲಜನಕ, ಜಲಜನಕಗಳು ಕೂಡಿದ ಹೈಡ್ರಾಕ್ಸಿಲ್ ಗುಂಪಿದೆ. ಅದರ ಸ್ಥಾನದಲ್ಲಿ ಕ್ಲೋರೀನು ಆದೇಶವಾಗಿ ಬಂದರೆ ಅದೇ ಅಸಿಟೈಲ್ ಕ್ಲೋರೈಡು. 1852ರಲ್ಲಿ ಫ್ರೆಂಚ್ ವಿಜ್ಞಾನಿ ಷಾರ್ಲ್ ಗೆರ್ಹಾರ್ಟ್ ಪೊಟ್ಯಾಸಿಯಂ ಅಸಿಟೇಟಿನ ಮೇಲೆ ಫಾಸ್ಫೊರೈಲ್ ಕ್ಲೋರೈಡನ್ನು ಪ್ರಯೋಗಿಸಿ ಇದನ್ನು ಮೊದಲು ಪಡೆದನು. ಪ್ರಯೋಗಶಾಲೆಯಲ್ಲಿ ಅಸಿಟಿಕ್ ಆಮ್ಲಕ್ಕೆ ಫಾಸ್ಫರಸ್ ಟ್ರೈಕ್ಲೋರೈಡನ್ನು ಸೇರಿಸಿ, ಮೆಲ್ಲನೆ ಕಾಯಿಸಿ ಬಟ್ಟಿಯಿಳಿಸುವುದುಂಟು. ಆಮ್ಲದ 3 ಅಣುಗಳಿಗೆ ಟ್ರೈಕ್ಲೋರೈಡಿನ 1 ಅಣು ಸಾಕು. ಫಾಸ್ಫರಸ್ ಆಮ್ಲವು ಪಾತ್ರೆಯಲ್ಲಿ ಉಳಿಯುತ್ತದೆ.

ಇದು ವರ್ಣರಹಿತವಾದ, ಘಾಟುವಾಸನೆಯ ದ್ರವ. ಅಸಿಟಿಕ್ ಆಮ್ಲವು ಕುದಿಯಲು 118 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಅದಕ್ಕಿಂತ ಭಾರವಾದ ಅಣುವುಳ್ಳ ಇದಾದರೋ ಸುಮಾರು 51 ಡಿಗ್ರಿಯಲ್ಲೇ ಕುದಿಯುತ್ತದೆ. ಹೈಡ್ರಾಕ್ಸಿಲ್ ಹೋದೊಡನೆ ಅಣುಗಳನ್ನು ಪರಸ್ಪರ ಹಿಡಿದಿದ್ದ ಜಲಜನಕ ಬಂಧವೂ ಹೋಯಿತೆಂಬುದೇ ಕಾರಣ.

ಆದರೆ ಈ ಆದೇಶವು ಸ್ಥಿರವಲ್ಲ. ನೀರು ಸೋಕಿತೆಂದರೆ ಕ್ಲೋರೀನು ಹೊರಬಿದ್ದು ಹೈಡ್ರಾಕ್ಸಿಲ್ ಮರಳಿ ಬರುತ್ತದೆ. ಅಸಿಟಿಕ್ ಆಮ್ಲವೂ ಹೈಡ್ರೋಜನ್ ಕ್ಲೋರೈಡೂ ತೀವ್ರ ಶಾಖದೊಡನೆ ಹುಟ್ಟುತ್ತವೆ. ಸೀಸೆಯ ಬಿರಡೆಯನ್ನು ತೆಗೆದಾಗ ಕಾಣುವ ಹೊಗೆಯು ಗಾಳಿಯ ತೇವದೊಡನೆ ನಡೆದ ಈ ಕ್ರಿಯೆಯ ಫಲವೇ. ಕ್ಲೋರೀನು ಹೀಗೆ ಸುಲಭವಾಗಿ ಸ್ಥಾನ ಬಿಡುವುದರಿಂದಲೇ ಅಸಿಟೈಲ್ ಗುಂಪನ್ನು ಬೇರೆ ಅಣುಗಳಿಗೆ ಸೇರಿಸಲು ಇದು ಉಪಯುಕ್ತ. 1853ರಲ್ಲಿ ಗೆರ್ಹಾರ್ಟನು ಇದನ್ನು ಸೋಡಿಯಂ ಸ್ಯಾಲಿಸಿಲೇಟಿನೊಡನೆ ಬೆರೆಸಿ, ಮುಂದೆ ಆಸ್ಪಿರಿನ್ ಎಂದು ಪ್ರಸಿದ್ಧವಾದ ವಸ್ತುವನ್ನು ಅಶುದ್ಧರೂಪದಲ್ಲಿ ಪಡೆದನು.

ಅಧ್ಯಾಪಕ ಮಿತ್ರರು ಗಮನಿಸಬೇಕಾದುದು ಇಲ್ಲಿಯೇ. ಚೆಲ್ಲಿದ ಈ ದ್ರವದ ಮೇಲೆ ನೀರೆರೆಯುವುದು ಅಪಾಯಕರ, ಒಣಮರಳೇ ಯೋಗ್ಯ. ಮೈಗೆ ಸೋಕಿದರೆ ಮಾತ್ರ ತಡಮಾಡದೆ ಧಾರಾಳವಾದ ನೀರಿನಿಂದ ಬಹುಹೊತ್ತು ತೊಳೆಯಬೇಕು. ಇದರ ಆವಿಗೆ ಬೆಂಕಿಯೂ ಬೇಗ ಹತ್ತುತ್ತದೆ. ‘ಹೊಗೆಯಾಡುವ ದ್ರವ’ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಅಂಕಗಳು ದೊರೆತಾವು. ಏಕೆ ಹೊಗೆಯಾಡುತ್ತದೆಂದು ಅರಿತವನಾದರೋ ಚೆಲ್ಲಿದ ದ್ರವದತ್ತ ನೀರಿನ ಕೊಡವನ್ನೆತ್ತುವ ಮೊದಲೇ ಕೈ ಹಿಂದೆಗೆಯುವನು. ಕಾರಣವನ್ನು ತಿಳಿಸುವ ಪಾಠವೇ ಮಕ್ಕಳನ್ನು ಕಾಯುವ ಪಾಠ.