ಹರಿದ ತೂತು, ಹೆಣೆದ ಕಿಂಡಿ



ಮುಂದಿನ ಭಾನುವಾರ ದೇವಾಲಯಕ್ಕೆ ಹೋದಾಗ ಬಲಿಪೀಠದ ಬಿಳಿ ವಸ್ತ್ರದ ಅಂಚನ್ನು ಗಮನಿಸಿ ನೋಡಿ. ಕೆಲವು ಕಡೆ ಅದಕ್ಕೆ ಲೇಸು ಹೊಲಿದಿರುತ್ತಾರೆ. ಇನ್ನು ಕೆಲವು ಕಡೆ ಆ ಬಟ್ಟೆಯಲ್ಲೇ ಸಣ್ಣ ಸಣ್ಣ ಕಿಂಡಿಗಳ ಸಾಲು ಕಾಣುತ್ತದೆ. ಬಟ್ಟೆಯ ಕೆಲವು ಎಳೆಗಳನ್ನು ತೆಗೆದು, ಉಳಿದವನ್ನು ಸೂಜಿದಾರದಿಂದ ಕಟ್ಟಿ ಮಾಡಿದ ಕಸೂತಿ ಅದು. ಉಟ್ಟ ಬಟ್ಟೆಯಲ್ಲಿ ತೂತು ಬಿದ್ದರೆ ನಾವು ಮರುಗುತ್ತೇವೆ. ಇಲ್ಲಿ ತೂತೇ ಅಲಂಕಾರ. ಈ ಎರಡಕ್ಕೂ ಇರುವ ವ್ಯತ್ಯಾಸವೇನು? ಇದೇ ಈ ವಾರದ ಪಾಠ.

ಮೂರು ವಿಧಾನಗಳು

ಬಟ್ಟೆ ಎಂದರೆ ಹಾಸು ಮತ್ತು ಹೊಕ್ಕು. ಉದ್ದದ ಎಳೆಗಳು, ಅಡ್ಡದ ಎಳೆಗಳು. ಅದರಲ್ಲಿ ಕಿಂಡಿ ಮಾಡಲು ಮೂರು ವಿಧಾನಗಳಿವೆ.

ಮೊದಲನೆಯದು ಸರಿಸುವುದು. ಲಕ್ನೋದ ಚಿಕನ್ ಕಸೂತಿಯಲ್ಲಿ ‘ಜಾಲಿ’ ಎಂಬ ಕೆಲಸವಿದೆ. ಅಲ್ಲಿ ಒಂದು ಎಳೆಯನ್ನೂ ಕತ್ತರಿಸುವುದಿಲ್ಲ. ತೆಳುಬಟ್ಟೆಯ ಎಳೆಗಳನ್ನು ಸೂಜಿಯಿಂದ ಪಕ್ಕಕ್ಕೆ ಸರಿಸಿ, ಬಿಗಿ ಹೊಲಿಗೆಯಿಂದ ಹಿಡಿದಿಡುತ್ತಾರೆ. 2008ರಲ್ಲಿ ಲಕ್ನೋ ಚಿಕನ್‌ಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಎರಡನೆಯದು ತೆಗೆಯುವುದು. ಅಡ್ಡ ಎಳೆಗಳನ್ನು ಹೊರಗೆಳೆದು, ಉಳಿದ ಉದ್ದ ಎಳೆಗಳನ್ನು ಗುಂಪುಗುಂಪಾಗಿ ಕಟ್ಟುವುದು. ಪೀಠವಸ್ತ್ರದ ಅಂಚಿನಲ್ಲಿರುವುದು ಇದೇ.

ಮೂರನೆಯದು ಕತ್ತರಿಸುವುದು. ನಾರ್ವೆಯ ಹಾರ್ಡಂಗರ್ ಪ್ರದೇಶದ ಕಸೂತಿ ಇದಕ್ಕೆ ಉದಾಹರಣೆ. 4 ಎಳೆಗಳ ಮೇಲೆ 5 ಹೊಲಿಗೆಗಳಂತೆ ಮೊದಲು ಸುತ್ತಲೂ ಭದ್ರಮಾಡುತ್ತಾರೆ. ಕತ್ತರಿ ಕೈಗೆ ಬರುವುದು ಆಮೇಲೆ. ಇಟಲಿಯ ‘ರೆತಿಚೆಲ್ಲಾ’ ಕೆಲಸದಲ್ಲಂತೂ ಬಟ್ಟೆಯ ಬಹುಭಾಗವೇ ಹೋಗಿ, ಕೆಲವೇ ಎಳೆಗಳು ಚೌಕಟ್ಟಿನಂತೆ ಉಳಿಯುತ್ತವೆ. ಅದರಿಂದಲೇ ಬಟ್ಟೆಯ ಆಧಾರವಿಲ್ಲದ ಸೂಜಿಲೇಸು ಹುಟ್ಟಿತು. ಇಟಾಲಿಯನ್ನರು ಅದಕ್ಕಿಟ್ಟ ಹೆಸರಿನ ಅರ್ಥ ‘ಗಾಳಿಯಲ್ಲಿ ಹಾಕಿದ ಹೊಲಿಗೆ’.

ಮನೆಯಲ್ಲಿ ಕಲಿಯಲು

ಎಳೆಗಳನ್ನು ಸುಲಭವಾಗಿ ಎಣಿಸಬಹುದಾದ ಬಿಳಿ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಮೊದಲೇ ಒಗೆದು ಇಸ್ತ್ರಿ ಮಾಡಿ. ಒಂದು ಇಂಚಿನ ಮಡಿಕೆ ಬೇಕಾದರೆ ಅಂಚಿನಿಂದ ಎರಡೂಕಾಲು ಇಂಚು ಬಿಟ್ಟು, ಸೂಜಿಯ ತುದಿಯಿಂದ ಒಂದು ಎಳೆಯನ್ನು ಎತ್ತಿ ನಿಧಾನವಾಗಿ ಬಿಡಿಸಿ. ಅದರ ಪಕ್ಕದ ಇನ್ನು ನಾಲ್ಕೈದು ಎಳೆಗಳನ್ನೂ ಹಾಗೆಯೇ ತೆಗೆಯಿರಿ. ನಾಲ್ಕೂ ಬದಿ ಮಾಡುವುದಾದರೆ ಎಳೆಗಳನ್ನು ಮಧ್ಯದಲ್ಲಿ ಕತ್ತರಿಸಿ, ಮೂಲೆಯವರೆಗೆ ಮಾತ್ರ ಬಿಡಿಸಿ, ತುದಿಗಳನ್ನು ಬಟ್ಟೆಯೊಳಗೇ ಮತ್ತೆ ಹೆಣೆಯಬೇಕು.

ಈಗ ಅಂಚನ್ನು ಆ ಗೆರೆಯವರೆಗೆ ಮಡಿಚಿ ಟಾಕಿ ಹಾಕಿ. ನಾಲ್ಕು ಎಳೆಗಳನ್ನು ಎಣಿಸಿ, ಸೂಜಿಯನ್ನು ಅವುಗಳ ಸುತ್ತ ತಂದು ಬಿಗಿದು, ಮಡಿಕೆಯ ತುದಿಗೆ ಒಂದು ಸಣ್ಣ ಹೊಲಿಗೆ ಹಾಕಿ. ಹೀಗೆಯೇ ಮುಂದುವರಿಯಿರಿ. ಎದುರು ಬದಿಯಲ್ಲೂ ಅದೇ ನಾಲ್ಕು ಎಳೆಗಳನ್ನು ಕಟ್ಟಿದರೆ ಏಣಿಯ ಆಕಾರ ಬರುತ್ತದೆ. ಒಂದು ಗುಂಪಿನಿಂದ ಎರಡು, ಪಕ್ಕದ ಗುಂಪಿನಿಂದ ಎರಡು ಸೇರಿಸಿ ಕಟ್ಟಿದರೆ ಅಂಕುಡೊಂಕಿನ ಸಾಲು. ಎಣಿಕೆ ತಪ್ಪಬಾರದು. ನಮ್ಮ ಧಾರವಾಡದ ಕಸೂತಿಯಲ್ಲೂ ಎಳೆ ಎಣಿಸುವ ಶಿಸ್ತು ಇದೆ. ಆದರೆ ಅಲ್ಲಿ ಎಳೆ ತೆಗೆಯುವುದಿಲ್ಲ.

ಇಲ್ಲದಿರುವುದೆಲ್ಲ ಕೊರತೆಯಲ್ಲ

ಕೆಡುಕು ಎಂದರೆ ಇರಬೇಕಾದ ಒಳಿತು ಇಲ್ಲದಿರುವುದು ಎಂದು ಸಂತ ಅಗಸ್ಟೀನರ ದಾರಿಯಲ್ಲಿ ನಡೆದ ಸಂತ ತೋಮಸ್ ಅಕ್ವಿನಾಸರು ಕಲಿಸಿದರು. ‘ಇರಬೇಕಾದ’ ಎಂಬ ಮಾತು ಇಲ್ಲಿ ಮುಖ್ಯ. ಕಲ್ಲಿಗೆ ಕಣ್ಣಿಲ್ಲ, ಆದರೆ ಕಲ್ಲನ್ನು ಯಾರೂ ಕುರುಡು ಎನ್ನುವುದಿಲ್ಲ. ಹಾಗೆಯೇ ಕಸೂತಿಯ ಕಿಂಡಿಯಲ್ಲಿ ಎಳೆ ಇಲ್ಲ, ಆದರೆ ಅದು ಕೊರತೆಯಲ್ಲ. ಅದರ ಅಂಚು ಭದ್ರವಾಗಿದೆ. ಹರಿದ ತೂತಿಗೆ ಅಂಚೇ ಇಲ್ಲ. ಪ್ರತಿ ಒಗೆತಕ್ಕೂ ಅದು ದೊಡ್ಡದಾಗುತ್ತದೆ. ವಿಮೋಚನಕಾಂಡದ 28ನೇ ಅಧ್ಯಾಯದಲ್ಲಿ ಮಹಾಯಾಜಕನ ನಿಲುವಂಗಿಯ ವಿವರ ಓದಿ. ತಲೆ ತೂರಿಸುವ ಕಿಂಡಿ ಹರಿಯದಂತೆ ಸುತ್ತಲೂ ನೇಯ್ದ ಪಟ್ಟಿ ಇರಬೇಕೆಂದು 32ನೇ ವಚನ ವಿಧಿಸುತ್ತದೆ.

ನಮ್ಮ ಕುಟುಂಬಗಳಲ್ಲೂ ಎಳೆಗಳು ಹೋಗುತ್ತವೆ. ಮಗಳು ಮದುವೆಯಾಗಿ ಹೋಗುತ್ತಾಳೆ, ಮಗ ದುಡಿಯಲು ಗಲ್ಫಿಗೆ ಹೋಗುತ್ತಾನೆ. ಅಜ್ಜಿಯ ಕುರ್ಚಿ ಬರಿದಾಗುತ್ತದೆ. ಹೋದ ಎಳೆಯನ್ನು ಮತ್ತೆ ತುರುಕಲಾಗದು. ಉಳಿದವರು ಒಬ್ಬರನ್ನೊಬ್ಬರು ಹಿಡಿದುಕೊಂಡರೆ, ಸಂಜೆಯ ಜಪಸರಕ್ಕೆ ಉಳಿದಷ್ಟೇ ಜನ ಕೂತರೂ, ಆ ಖಾಲಿ ಜಾಗ ಮನೆಯನ್ನು ಹರಿಯುವುದಿಲ್ಲ.

ಆದರೆ ಒಂದು ಎಚ್ಚರಿಕೆ. ಕುಡಿತದಿಂದ, ಹೊಡೆತದಿಂದ, ಮೋಸದಿಂದ ಬಿದ್ದ ತೂತನ್ನು ಯಾರೂ ಕಸೂತಿ ಎಂದು ಕರೆಯಬೇಡಿ. ‘ದೇವರು ಕೊಟ್ಟ ಶಿಲುಬೆ, ಸಹಿಸಿಕೋ ತಾಯಿ’ ಎಂದು ನೊಂದವಳಿಗೆ ಹೇಳಿ ಕಳುಹಿಸುವುದು ಹರಿದದ್ದನ್ನು ಇನ್ನಷ್ಟು ಹರಿದಂತೆ. ಅಲ್ಲಿ ಬೇಕಾದದ್ದು ಸತ್ಯ, ರಕ್ಷಣೆ ಮತ್ತು ನೆರವು. ಹರಿದದ್ದನ್ನು ಹರಿದಿದೆ ಎಂದು ಒಪ್ಪಿಕೊಂಡ ಮೇಲೆಯೇ ರಫೂ ಮಾಡಲು ಸಾಧ್ಯ.

ಚಿಂತನೆಗೆ

1. ನಮ್ಮ ಮನೆಯಲ್ಲಿ ಈಗ ಇಲ್ಲದವರು ಯಾರು? ಆ ಜಾಗದ ಅಂಚನ್ನು ನಾವು ಕಟ್ಟಿದ್ದೇವೆಯೇ?
2. ಹರುಕನ್ನು ಅಲಂಕಾರವೆಂದು ಮುಚ್ಚಿಡುತ್ತಿದ್ದೇವೆಯೇ? ಅದನ್ನು ಯಾರ ಬಳಿ ಹೇಳಿಕೊಳ್ಳಬಹುದು?
3. ಎಳೆ ಕಡಿಯದೆ, ಸ್ವಲ್ಪ ಸರಿದು, ಯಾರಿಗಾದರೂ ನಾವು ಜಾಗ ಮಾಡಿಕೊಡಬಹುದೇ?